ಬೆಟ್ಟಿಂಗ್ ಆಪ್‌ನ ಆಫರ್ ಅನ್ನು ಕೊನೆಯ ಸಾಲಿನಿಂದ ಓದಿ

ಹೋದ ವರ್ಷ ನವೆಂಬರ್‌ನಲ್ಲಿ ನನ್ನ ಚಿಕ್ಕಪ್ಪನ ಮಗ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಅವನಿರುವುದು ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಭಾನುವಾರ ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತಿದ್ದಾಗ ಬಂದ ಜಾಹೀರಾತಂತೆ. ದಪ್ಪ ಅಕ್ಷರದಲ್ಲಿ ಇಷ್ಟೇ ಇತ್ತು: 5 ಡಾಲರ್ ಬೆಟ್ ಕಟ್ಟಿ, ಗೆದ್ದರೆ 200 ಡಾಲರ್ ಬೋನಸ್ ಬೆಟ್ ಪಡೆಯಿರಿ. ಅದರ ಕೆಳಗೆ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರಗಳು. "ಇದು ಪುಕ್ಕಟೆ ಅಲ್ವಾ?" ಅಂತ ಕೇಳಿದ್ದ. ನಾನು ಉತ್ತರ ಬರೆಯುವಷ್ಟರಲ್ಲಿ ಐದು ಡಾಲರ್ ಕಟ್ಟಿ ಆಗಿತ್ತು.

ಅವನೇನು ಲೆಕ್ಕ ಬಾರದವನಲ್ಲ. ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ಮನೆಯಲ್ಲಿ ಬೆಳೆದವನು. ಆದರೂ ಆ 200 ಅವನ ಕಣ್ಣಿಗೆ ನೋಟಾಗಿಯೇ ಕಂಡಿತು. ಹಾಗೆ ಕಾಣಲಿ ಅಂತಲೇ ಆ ಸಾಲು ಬರೆದಿರುತ್ತಾರೆ. ಆಮೇಲೆ ಒಂದು ರಾತ್ರಿ ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಕೂತು ಷರತ್ತುಗಳನ್ನು ಒಂದೊಂದಾಗಿ ಓದಿದೆವು. ಆಗ ಹೊಳೆದದ್ದು ಇಷ್ಟು. ಇಂಥ ಆಫರ್‌ಗಳನ್ನು ಮೇಲಿಂದ ಕೆಳಕ್ಕೆ ಓದಬಾರದು. ಕೊನೆಯಿಂದ ಮೇಲಕ್ಕೆ ಓದಬೇಕು. "ನನಗೆ ಎಷ್ಟು ಕೊಡ್ತಾರೆ" ಅನ್ನೋದು ಮೊದಲ ಪ್ರಶ್ನೆ ಅಲ್ಲ. "ನನ್ನ ಬ್ಯಾಂಕ್ ಖಾತೆಗೆ ಎಷ್ಟು, ಯಾವಾಗ, ಏನು ಮಾಡಿದ ಮೇಲೆ ಬರುತ್ತೆ" ಅನ್ನೋದು ಮೊದಲ ಪ್ರಶ್ನೆ.

ಇದನ್ನು ಬರೆಯುತ್ತಿರುವುದು ಬೆಟ್ ಕಟ್ಟುವುದನ್ನು ಕಲಿಸೋಕೆ ಅಲ್ಲ. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾದಲ್ಲಿ ನಮ್ಮವರು ತುಂಬಾ ಜನ ಇದ್ದಾರೆ. ಅಮೆರಿಕದ ಹಲವು ರಾಜ್ಯಗಳಲ್ಲಿ, ಉಳಿದ ಆ ದೇಶಗಳಲ್ಲಿ ಇದು ಕಾನೂನುಬದ್ಧ ವ್ಯಾಪಾರ, ಮ್ಯಾಚ್ ಹಾಕಿದರೆ ಸಾಕು ಆಫರ್ ಬರುತ್ತವೆ. ಇಲ್ಲಿ ಊರಲ್ಲಿರುವವರಿಗೂ ಬರುತ್ತವೆ. ಆದರೆ ಅದರ ಕಥೆಯೇ ಬೇರೆ, ಆಮೇಲೆ ಹೇಳುತ್ತೇನೆ.

ಅಂಗಡಿಯ ಬಾಡಿಗೆ

ಆಫರ್ ಅರ್ಥ ಆಗಬೇಕಾದರೆ ಮೊದಲು ಆ ಅಂಗಡಿ ಹೇಗೆ ನಡೆಯುತ್ತೆ ಅಂತ ಗೊತ್ತಿರಬೇಕು. ಕ್ರಿಕೆಟ್ ಮ್ಯಾಚ್‌ನ ಟಾಸನ್ನೇ ತಗೊಳ್ಳಿ. ಹೆಡ್ ಬೀಳಬಹುದು, ಟೇಲ್ ಬೀಳಬಹುದು. ಎರಡಕ್ಕೂ ಅರ್ಧ ಅರ್ಧ ಅವಕಾಶ. ನ್ಯಾಯವಾಗಿ ಆಡಿದರೆ 100 ಕಟ್ಟಿದವನಿಗೆ ಗೆದ್ದಾಗ ಒಟ್ಟು 200 ವಾಪಸ್ ಸಿಗಬೇಕು. ಅವನ 100, ಗೆದ್ದ 100. ಇದನ್ನೇ 2.00 ಆಡ್ಸ್ ಅಂತಾರೆ.

ಬೆಟ್ಟಿಂಗ್ ಸೈಟು 2.00 ಕೊಡುವುದಿಲ್ಲ. ಎರಡೂ ಕಡೆಗೆ 1.91 ಕೊಡುತ್ತೆ. ಅಮೆರಿಕದಲ್ಲಿ ಇದನ್ನೇ ಮೈನಸ್ 110 ಅಂತ ಬರೆಯುತ್ತಾರೆ. ಅಂದರೆ 100 ಗೆಲ್ಲೋಕೆ 110 ಇಡಬೇಕು. 100 ಕಟ್ಟಿ ಗೆದ್ದವನ ಕೈಗೆ 200ರ ಬದಲು 191 ಬರುತ್ತೆ. ಆ ವ್ಯತ್ಯಾಸವೇ ಅಂಗಡಿಯ ಬಾಡಿಗೆ, ಕರೆಂಟ್ ಬಿಲ್ಲು, ಟಿವಿ ಜಾಹೀರಾತು, ಲಾಭ ಎಲ್ಲ. ಅಲ್ಲಿಯವರು ಇದಕ್ಕೆ ವಿಗ್ ಅಂತಾರೆ, ಕೆಲವರು ಜ್ಯೂಸ್ ಅಂತಲೂ ಅಂತಾರೆ. ಲೆಕ್ಕ ಹಾಕಿದರೆ ಕಟ್ಟಿದ ಪ್ರತಿ 100ರಲ್ಲಿ ಸರಾಸರಿ ನಾಲ್ಕೂವರೆ ಅಂಗಡಿಯ ಪಾಲು.

ನಾಲ್ಕೂವರೆ ಅಂದರೆ ಏನು ಮಹಾ ಅನ್ನಿಸುತ್ತೆ. ಒಂದು ಸಲ ಕಟ್ಟಿದರೆ ನಿಜಕ್ಕೂ ಏನೂ ಅಲ್ಲ. ಆದರೆ ಅದು ನೀವು ಡೆಪಾಸಿಟ್ ಮಾಡಿದ ದುಡ್ಡಿನ ಮೇಲೆ ಅಲ್ಲ, ಕಟ್ಟಿದ ಒಟ್ಟು ಮೊತ್ತದ ಮೇಲೆ ಬೀಳುವ ಕಡಿತ. ಅದೇ 100 ಡಾಲರನ್ನು ಹತ್ತು ಸಲ ಕಟ್ಟಿದರೆ 1,000ದ ಮೇಲೆ ಬಾಡಿಗೆ ಬೀಳುತ್ತೆ. ಈ ಒಂದು ಮಾತು ನೆನಪಿಟ್ಟುಕೊಳ್ಳಿ. ಮುಂದಿನ ಎಲ್ಲ ಆಫರ್‌ಗಳೂ ಇದರ ಮೇಲೆಯೇ ನಿಂತಿವೆ.

200 ಡಾಲರ್ ಎಲ್ಲಿ ಹೋಯಿತು

ಚಿಕ್ಕಪ್ಪನ ಮಗನ ಐದು ಡಾಲರ್ ಬೆಟ್ ಗೆದ್ದಿತು. ಖಾತೆಯಲ್ಲಿ 200 ಬಂತು ಅಂದುಕೊಂಡ. ಬಂದದ್ದು ತಲಾ 25 ಡಾಲರ್‌ನ ಎಂಟು ಬೋನಸ್ ಬೆಟ್. ಏಳು ದಿನದೊಳಗೆ ಉಪಯೋಗಿಸದಿದ್ದರೆ ಮಾಯ.

ಬೋನಸ್ ಬೆಟ್ ಅಂದರೆ ದುಡ್ಡಲ್ಲ, ಕೂಪನ್. ಅದರಿಂದ ಬೆಟ್ ಕಟ್ಟಬಹುದು, ತೆಗೆದುಕೊಂಡು ಹೋಗೋಕೆ ಆಗಲ್ಲ. ಮುಖ್ಯವಾದ ಮಾತು ಇನ್ನೊಂದಿದೆ. ನಿಮ್ಮ ಸ್ವಂತ 25 ಡಾಲರ್ ಕಟ್ಟಿ ಗೆದ್ದರೆ ಆ 25 ವಾಪಸ್ ಬರುತ್ತೆ, ಜೊತೆಗೆ ಗೆದ್ದದ್ದೂ ಬರುತ್ತೆ. ಬೋನಸ್ ಬೆಟ್‌ನಲ್ಲಿ ಗೆದ್ದದ್ದು ಮಾತ್ರ ಬರುತ್ತೆ, 25 ಬರಲ್ಲ. ಸಣ್ಣ ಅಕ್ಷರದಲ್ಲಿ ಇದು ಒಂದೇ ಸಾಲು. ಪಣದ ಮೊತ್ತ ಮರಳುವುದಿಲ್ಲ ಅಂತ. ಹುಷಾರಾಗಿ ಆಡುವವನಿಗೆ ಆ ಒಂದು ಸಾಲು 200ನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತೆ.

ಅವನು ಹುಷಾರಾಗಿ ಆಡೋಣ ಅಂತ ಗೆಲ್ಲುವ ತಂಡಗಳ ಮೇಲೇ ಎಂಟೂ ಕಟ್ಟಿದ. ಎಲ್ಲದಕ್ಕೂ ಆಡ್ಸ್ 1.50ರ ಆಸುಪಾಸು. ಗೆದ್ದರೆ 25ಕ್ಕೆ 12 ಡಾಲರ್ 50 ಸೆಂಟ್. ಎಂಟರಲ್ಲಿ ಐದು ಗೆದ್ದವು, ಮೂರು ಸೋತವು. ಒಟ್ಟು 62 ಡಾಲರ್ 50 ಸೆಂಟ್. ಅವನ ಅದೃಷ್ಟ ಕೆಟ್ಟಿರಲಿಲ್ಲ. ಆ ಆಡ್ಸ್‌ಗೆ ಎಂಟರಲ್ಲಿ ಐದು ಗೆಲ್ಲೋದು ಸರಾಸರಿಯೇ. ಜಾಹೀರಾತಿನ 200ರ ಅಸಲಿ ಬೆಲೆ ಅವನ ಕೈಯಲ್ಲಿ ಅಷ್ಟೇ ಇತ್ತು.

ಇಲ್ಲೊಂದು ವಿಚಿತ್ರ ಇದೆ. ಬೋನಸ್ ಬೆಟ್‌ನಲ್ಲಿ ಹುಷಾರಾಗಿ ಆಡಿದಷ್ಟೂ ಅದರ ಬೆಲೆ ಕಡಿಮೆ. ಅದೇ ಶೇ. 4.5 ಬಾಡಿಗೆ ಇಟ್ಟುಕೊಂಡು ಲೆಕ್ಕ ಹಾಕಿ ನೋಡಿ. 100 ಡಾಲರ್‌ನ ಬೋನಸ್ ಬೆಟ್ಟನ್ನು 1.50 ಆಡ್ಸ್‌ಗೆ ಕಟ್ಟಿದರೆ ಸರಾಸರಿ 32 ಡಾಲರ್ ಕೈಗೆ ಬರುತ್ತೆ. 1.91ಕ್ಕೆ ಕಟ್ಟಿದರೆ 45. 4.00ಕ್ಕೆ ಕಟ್ಟಿದರೆ ಸುಮಾರು 72. ಪಣ ಹೇಗೂ ಮರಳಲ್ಲ, ಹಾಗಾಗಿ ಸಣ್ಣ ಗೆಲುವಿನಲ್ಲಿ ಉಳಿಯೋದು ಚಿಲ್ಲರೆ. ಹಾಗಂತ 4.00ಕ್ಕೆ ಕಟ್ಟುವುದೂ ಸುಲಭ ಅಲ್ಲ. ನಾಲ್ಕರಲ್ಲಿ ಮೂರು ಸಲ ಸೊನ್ನೆ ಸಿಗುತ್ತೆ. ಅದೂ ಅಲ್ಲದೆ ದೊಡ್ಡ ಆಡ್ಸ್‌ಗಳಲ್ಲಿ ಅಂಗಡಿಯ ಬಾಡಿಗೆ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತೆ, ಆ 72 ಕೂಡ ಕಾಗದದ ಮೇಲಿನದು. ಹೊಸಬರು ಸಹಜವಾಗಿ ಹುಷಾರಾಗಿ ಆಡುತ್ತಾರೆ. ಹಾಗಾಗಿ ಹೊಸಬರಿಗೆ ಕೊಟ್ಟ 200, ಕಂಪನಿಗೆ 200ರ ಖರ್ಚು ಅಲ್ಲವೇ ಅಲ್ಲ.

"ರಿಸ್ಕ್ ಇಲ್ಲ" ಅಂದರೆ

2018ರ ಮೇ 14ರಂದು ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬೆಟ್ಟಿಂಗ್ ಮೇಲಿದ್ದ ರಾಷ್ಟ್ರಮಟ್ಟದ ನಿರ್ಬಂಧವನ್ನು ತೆಗೆದುಹಾಕಿತು. ಕೋರ್ಟಿಗೆ ಹೋಗಿದ್ದು ಇದೇ ನ್ಯೂಜೆರ್ಸಿ. ಒಂದೊಂದೇ ರಾಜ್ಯ ಬಾಗಿಲು ತೆರೆಯಿತು. ಪ್ರತಿ ಹೊಸ ರಾಜ್ಯದಲ್ಲೂ ಗಿರಾಕಿಗಳನ್ನು ಹಿಡಿಯೋಕೆ ಕಂಪನಿಗಳ ನಡುವೆ ಪೈಪೋಟಿ. ಆಗ ಎಲ್ಲ ಕಡೆ ಕಾಣುತ್ತಿದ್ದ ಮಾತು "ರಿಸ್ಕ್ ಫ್ರೀ ಬೆಟ್". 1,000 ಡಾಲರ್‌ವರೆಗೆ ಕಟ್ಟಿ, ಸೋತರೆ ವಾಪಸ್ ಕೊಡ್ತೀವಿ ಅನ್ನೋ ಧಾಟಿ.

ವಾಪಸ್ ಕೊಡುತ್ತಿದ್ದದ್ದು ದುಡ್ಡಲ್ಲ, ಅದೇ ಬೋನಸ್ ಬೆಟ್. ಟಾಸ್ ಥರದ ಬೆಟ್ ಮೇಲೆ ನಿಜವಾದ 1,000 ಡಾಲರ್ ಕಟ್ಟಿದವನ ಗತಿ ನೋಡಿ. ಅರ್ಧ ಸಲ ಗೆಲ್ಲುತ್ತಾನೆ, 909 ಲಾಭ. ಅರ್ಧ ಸಲ ಸೋತು ಬೋನಸ್ ಬೆಟ್ ಪಡೆಯುತ್ತಾನೆ. ಅದನ್ನು ಇನ್ನೊಂದು ಟಾಸ್ ಥರದ ಬೆಟ್‌ಗೆ ಹಾಕುತ್ತಾನೆ. ಗೆದ್ದರೆ 909 ಸಿಗುತ್ತೆ, ಮೊದಲು ಹೋದ 1,000ಕ್ಕೆ ಹೋಲಿಸಿದರೆ 91 ಡಾಲರ್ ನಷ್ಟ. ಸೋತರೆ 1,000 ಪೂರ್ತಿ ಹೋಯಿತು. ಎರಡು ಸಲವೂ ಸೋಲುವ ಸಾಧ್ಯತೆ ಕಾಲು ಭಾಗ. ನಾಲ್ಕು ಜನ ಈ ಆಫರ್ ಹಿಡಿದರೆ ಸರಾಸರಿ ಒಬ್ಬ 1,000 ಡಾಲರ್ ಕಳೆದುಕೊಂಡು ಬರಿಗೈಲಿ ಮನೆಗೆ ಹೋಗುತ್ತಾನೆ. ಇದಕ್ಕೆ ರಿಸ್ಕ್ ಇಲ್ಲ ಅಂತ ಹೆಸರಿಟ್ಟಿದ್ದರು.

ಒಹಾಯೋದಲ್ಲಿ 2023ರ ಜನವರಿ 1ರಂದು ಬೆಟ್ಟಿಂಗ್ ಶುರುವಾಯಿತು. ಕೆಲವೇ ದಿನದಲ್ಲಿ ಅಲ್ಲಿನ ಕ್ಯಾಸಿನೊ ನಿಯಂತ್ರಣ ಆಯೋಗ ಡ್ರಾಫ್ಟ್‌ಕಿಂಗ್ಸ್, ಸೀಸರ್ಸ್, ಬೆಟ್‌ಎಂಜಿಎಂ ಅನ್ನೋ ಮೂರು ಬೆಟ್ಟಿಂಗ್ ಕಂಪನಿಗಳ ಮೇಲೂ ತಲಾ 1,50,000 ಡಾಲರ್ ದಂಡದ ಕ್ರಮ ಕೈಗೊಂಡಿತು. ಗಿರಾಕಿ ತನ್ನ ದುಡ್ಡು ಇಡಬೇಕಾದ ಆಫರ್‌ಗೆ ಉಚಿತ, ರಿಸ್ಕ್ ಇಲ್ಲ ಅಂತ ಹೇಳುವ ಹಾಗಿಲ್ಲ ಅನ್ನೋದು ಅಲ್ಲಿನ ನಿಯಮ. ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕದ ಗೇಮಿಂಗ್ ಉದ್ಯಮದ ಸಂಘವೇ ತನ್ನ ಜಾಹೀರಾತು ಸಂಹಿತೆಯಿಂದ "ರಿಸ್ಕ್ ಫ್ರೀ" ಅನ್ನೋ ಪದವನ್ನು ಹೊರಗಿಟ್ಟಿತು. "ಫ್ರೀ ಬೆಟ್" ಹೋಗಿ "ಬೋನಸ್ ಬೆಟ್" ಬಂತು. ಮಾತು ಬದಲಾದದ್ದು ಒಳ್ಳೆಯದೇ. ಆದರೆ ಒಳಗಿನ ಲೆಕ್ಕ ಹಾಗೇ ಇದೆ. ಈಗ ಮೊದಲ ಬೆಟ್‌ಗೆ ರಕ್ಷಣೆ, ಚಿಂತೆ ಬೇಡ, ಎರಡನೇ ಅವಕಾಶ ಅಂತೆಲ್ಲ ಕರೆಯುತ್ತಾರೆ. ಹೆಸರು ಏನೇ ಇರಲಿ, ವಾಪಸ್ ಬರುವುದು ನಗದಾ, ಕೂಪನ್ನಾ ಅಂತ ಮಾತ್ರ ಹುಡುಕಿ.

ಉರುಳಿಸುವ ಷರತ್ತು

ತುಂಬಾ ಜನ ಬೀಳುವುದು ಡೆಪಾಸಿಟ್ ಬೋನಸ್‌ನಲ್ಲಿ. ನೀವು 100 ಹಾಕಿದರೆ ನಾವೂ 100 ಹಾಕ್ತೀವಿ ಅನ್ನುತ್ತೆ ಸೈಟು. ಖಾತೆಯಲ್ಲಿ 200 ಕಾಣುತ್ತೆ. ತೆಗೆಯೋಕೆ ಹೋದರೆ ಆಗಲ್ಲ. ಆ ಬೋನಸ್ಸಿನ ಇಂತಿಷ್ಟು ಪಟ್ಟು ಬೆಟ್ ಕಟ್ಟಿ ಮುಗಿಸಬೇಕು. ಇದಕ್ಕೆ ರೋಲ್‌ಓವರ್ ಅಂತಾರೆ, ಇಂಗ್ಲೆಂಡ್ ಕಡೆ ವೇಜರಿಂಗ್ ಅಂತಾರೆ. ದುಡ್ಡನ್ನು ಅಷ್ಟು ಸಲ ಉರುಳಿಸಬೇಕು ಅಂತ ಅರ್ಥ.

ಹತ್ತು ಪಟ್ಟು ಅಂತ ಇದೆ ಅಂದುಕೊಳ್ಳಿ. 100 ಬೋನಸ್‌ಗೆ 1,000 ಡಾಲರ್ ಬೆಟ್. ಅಂಗಡಿಯ ಬಾಡಿಗೆ ನೆನಪಿದೆಯಲ್ಲ? 1,000ದ ಮೇಲೆ ಶೇ. 4.5 ಅಂದರೆ 45 ಡಾಲರ್. ಹಾಗಾಗಿ ಆ 100ರ ಸರಾಸರಿ ಬೆಲೆ 55. ಈಗ ಷರತ್ತಿನಲ್ಲಿ ಒಂದು ಪದ ಬದಲಾಯಿಸಿ. ಬೋನಸ್ಸಿನ ಹತ್ತು ಪಟ್ಟು ಅಲ್ಲ, ಡೆಪಾಸಿಟ್ ಮತ್ತು ಬೋನಸ್ ಸೇರಿಸಿ ಹತ್ತು ಪಟ್ಟು. ಈಗ 2,000 ಕಟ್ಟಬೇಕು. ಬಾಡಿಗೆ 90. ಬೋನಸ್ಸಿನ ಬೆಲೆ 10ಕ್ಕೆ ಇಳಿಯಿತು. ಜಾಹೀರಾತು ಅದೇ, ದಪ್ಪ ಅಕ್ಷರ ಅದೇ. "ಮತ್ತು" ಅನ್ನೋ ಒಂದು ಪದಕ್ಕೆ 45 ಡಾಲರ್ ಬೆಲೆ. ಇನ್ನು ಬೋನಸ್ಸಿನ ಮೂವತ್ತು ಪಟ್ಟು ಅಂತ ಇದ್ದರೆ 3,000ದ ಮೇಲೆ 135 ಹೋಗುತ್ತೆ. ನಿಮಗೆ ಕೊಟ್ಟದ್ದು 100. ಅಂದರೆ ಆ ಬೋನಸ್ ತಗೊಂಡಿದ್ದಕ್ಕೇ ಸರಾಸರಿ 35 ಡಾಲರ್ ನಿಮ್ಮ ಕೈಯಿಂದ ಹೋಗುತ್ತೆ.

ಇವು ಸರಾಸರಿ ಲೆಕ್ಕಗಳು. ಒಬ್ಬ ಗೆಲ್ಲಬಹುದು, ಇನ್ನೊಬ್ಬ 1,000 ಉರುಳಿಸುವ ಮೊದಲೇ ಖಾತೆ ಖಾಲಿ ಮಾಡಿಕೊಳ್ಳಬಹುದು. ಖಾಲಿಯಾದರೆ ಕಥೆ ಮುಗಿಯಿತು, ಬೋನಸ್ ಸಿಗುವ ಮಾತೇ ಇಲ್ಲ.

ಇದರ ನಿಜವಾದ ಉದಾಹರಣೆ ಮ್ಯಾಸಚೂಸೆಟ್ಸ್‌ನಲ್ಲಿದೆ. ಅಲ್ಲಿ ಮೊಬೈಲ್ ಬೆಟ್ಟಿಂಗ್ 2023ರ ಮಾರ್ಚ್‌ನಲ್ಲಿ ಶುರುವಾಯಿತು. ಅದೇ ಡಿಸೆಂಬರ್‌ನಲ್ಲಿ ಪಬ್ಲಿಕ್ ಹೆಲ್ತ್ ಅಡ್ವೊಕಸಿ ಇನ್‌ಸ್ಟಿಟ್ಯೂಟ್ ಅನ್ನೋ ಸಂಸ್ಥೆ ಇಬ್ಬರು ಗಿರಾಕಿಗಳ ಪರವಾಗಿ ಡ್ರಾಫ್ಟ್‌ಕಿಂಗ್ಸ್ ವಿರುದ್ಧ ಕೇಸು ಹಾಕಿತು. ವಿಷಯ 1,000 ಡಾಲರ್ ಸೈನ್‌ಅಪ್ ಬೋನಸ್. ದೂರಿನ ಪ್ರಕಾರ ಆ 1,000 ಪೂರ್ತಿ ಸಿಗಬೇಕಾದರೆ ಮೊದಲೇ 5,000 ಡಾಲರ್ ಡೆಪಾಸಿಟ್ ಮಾಡಬೇಕಿತ್ತು. ಆಮೇಲೆ 90 ದಿನದೊಳಗೆ 25,000 ಡಾಲರ್ ಬೆಟ್ ಕಟ್ಟಬೇಕಿತ್ತು.

ದಿನಕ್ಕೆ ಎಷ್ಟಾಯಿತು? ಸುಮಾರು 278 ಡಾಲರ್. ಮೂರು ತಿಂಗಳು, ಒಂದು ದಿನವೂ ಬಿಡದೆ. ದಿನಾ ಬೆಟ್ ಕಟ್ಟದವನನ್ನೂ ಈ ಷರತ್ತು ದಿನಾ ಕಟ್ಟುವ ಹಾಗೆ ಮಾಡುತ್ತೆ. 25,000ದ ಮೇಲೆ ಶೇ. 4.5 ಹಾಕಿ ನೋಡಿ, 1,100ಕ್ಕೂ ಮೇಲೆ. ಸರಾಸರಿ ಗಿರಾಕಿ 1,000 ಪಡೆಯೋಕೆ ಅದಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತಾನೆ. ಕೇಸನ್ನು ವಜಾ ಮಾಡಿ ಅಂತ ಕಂಪನಿ ಕೇಳಿತು. 2024ರಲ್ಲಿ ನ್ಯಾಯಾಧೀಶರು ಒಪ್ಪಲಿಲ್ಲ. ನನಗೆ ಈ ಕೇಸು ಮುಖ್ಯ ಅನ್ನಿಸಿದ್ದು ಅದರ ಫಲಿತಾಂಶಕ್ಕಾಗಿ ಅಲ್ಲ. ಷರತ್ತು ಎಲ್ಲೋ ಬರೆದಿದೆ ಅನ್ನೋದು ಸಾಕಾ, ಓದುವವನಿಗೆ ಅರ್ಥ ಆಗುವ ಜಾಗದಲ್ಲಿ ಇರಬೇಕಾ ಅನ್ನೋ ಪ್ರಶ್ನೆಯನ್ನು ಅದು ಕೋರ್ಟಿನ ಮುಂದೆ ಇಟ್ಟಿತು.

ಬೇರೆ ದೇಶಗಳು ಈ ಉರುಳಿಸುವ ಷರತ್ತಿನ ಮೇಲೆ ನೇರವಾಗಿ ಕೈ ಹಾಕಿವೆ. ಇಂಗ್ಲೆಂಡ್‌ನ ಗ್ಯಾಂಬ್ಲಿಂಗ್ ಕಮಿಷನ್ 2026ರ ಜನವರಿಯಿಂದ ಹತ್ತು ಪಟ್ಟಿನ ಮಿತಿ ಹಾಕಿದೆ. ಅದಕ್ಕೆ ಮೊದಲು ಐವತ್ತು ಪಟ್ಟಿನ ಆಫರ್‌ಗಳೂ ಇದ್ದವು, 10 ಪೌಂಡ್ ಬೋನಸ್‌ಗೆ 500 ಪೌಂಡ್ ಆಟ. ಕ್ರೀಡಾ ಬೆಟ್ ಮತ್ತು ಕ್ಯಾಸಿನೊ ಸ್ಲಾಟ್ ಎರಡನ್ನೂ ಆಡಿದರೆ ಮಾತ್ರ ಬೋನಸ್ ಅನ್ನೋ ಬೆರಕೆ ಆಫರ್‌ಗಳನ್ನೂ ನಿಲ್ಲಿಸಿದೆ. ಮ್ಯಾಚ್ ನೋಡೋಕೆ ಬಂದವನನ್ನು ಸ್ಲಾಟ್ ಮೆಷಿನ್ ಮುಂದೆ ಕೂರಿಸುವ ದಾರಿ ಅದು. ಮುಚ್ಚಿದ್ದು ಸರಿಯಾಯಿತು.

ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಯಿತು. 2019ರ ಮೇ ತಿಂಗಳಿಂದ ಅಲ್ಲಿ ಖಾತೆ ತೆರೆದಿದ್ದಕ್ಕೆ ಬೋನಸ್ ಕೊಡುವ ಹಾಗೇ ಇಲ್ಲ. ಬೋನಸ್ ಬೆಟ್‌ನಲ್ಲಿ ಗೆದ್ದ ದುಡ್ಡಿಗೆ ಉರುಳಿಸುವ ಷರತ್ತೂ ಹಾಕುವ ಹಾಗಿಲ್ಲ. ಕೆನಡಾದ ಒಂಟಾರಿಯೊದಲ್ಲಿ ಟಿವಿ, ಹೋರ್ಡಿಂಗ್‌ನಲ್ಲಿ ಬೋನಸ್ ಜಾಹೀರಾತು ಹಾಕುವಂತಿಲ್ಲ. ಹಾಗಾಗಿ ಮೆಲ್ಬರ್ನ್‌ನಲ್ಲೋ ಟೊರಾಂಟೊದಲ್ಲೋ ಇರುವವರಿಗೆ ಎಲ್ಲಿಂದಲೋ ದೊಡ್ಡ ಸೈನ್‌ಅಪ್ ಬೋನಸ್ ಮೆಸೇಜ್ ಬಂದರೆ, ಅದನ್ನು ಕಳಿಸಿದ್ದು ಲೈಸೆನ್ಸ್ ಇರುವ ಕಂಪನಿಯೇ ಅಂತ ಮೊದಲು ಅನುಮಾನಪಡಬೇಕು.

ಬೂಸ್ಟ್, ಪಾರ್ಲೆ

ಹಳೇ ಗಿರಾಕಿಗಳಿಗೆ ಬರುವುದು ಬೂಸ್ಟ್‌ಗಳು. 2.50 ಇದ್ದ ಆಡ್ಸನ್ನು ಇವತ್ತಿಗೆ ಮಾತ್ರ 3.00 ಮಾಡಿದ್ದೀವಿ ಅಂತ. ಇದು ಸುಳ್ಳಲ್ಲ, ಕೆಲವು ಸಲ ಲೆಕ್ಕದಲ್ಲಿ ನಿಜಕ್ಕೂ ಗಿರಾಕಿಯ ಕಡೆಗೇ ಇರುತ್ತೆ. ಅದಕ್ಕೇ ಮಿತಿ ಹಾಕಿರುತ್ತಾರೆ. ಹೆಚ್ಚೆಂದರೆ 10 ಡಾಲರ್ ಕಟ್ಟಬಹುದು ಅಂತ. ಗೆದ್ದರೆ 5 ಡಾಲರ್ ಜಾಸ್ತಿ ಸಿಗುತ್ತೆ. ಗೆಲ್ಲುವ ಸಾಧ್ಯತೆ ಲೆಕ್ಕ ಹಾಕಿದರೆ ಆ ಉಡುಗೊರೆಯ ಬೆಲೆ 2 ಡಾಲರ್ ಕೂಡ ಇಲ್ಲ. ಒಂದು ಕಾಫಿ ದುಡ್ಡೂ ಆಗಲ್ಲ. ಆದರೆ ಆಪ್ ತೆರೆಸುತ್ತೆ. ಅಷ್ಟು ಸಾಕು ಅವರಿಗೆ.

ಬೂಸ್ಟ್ ಹೆಚ್ಚಾಗಿ ಅಂಟಿಕೊಂಡಿರುವುದು ಪಾರ್ಲೆಗಳಿಗೆ. ಬಿಸ್ಕೆಟ್ ಅಲ್ಲ, ಮೂರು ನಾಲ್ಕು ಬೆಟ್‌ಗಳನ್ನು ಒಂದೇ ದಾರದಲ್ಲಿ ಪೋಣಿಸುವುದು. ಎಲ್ಲವೂ ಗೆಲ್ಲಬೇಕು, ಒಂದು ಸೋತರೂ ಎಲ್ಲ ಹೋಯಿತು. ಇಂಗ್ಲೆಂಡ್‌ನಲ್ಲಿ ಆಕ್ಯುಮ್ಯುಲೇಟರ್ ಅಂತಾರೆ. ಇಲ್ಲಿ ಬಾಡಿಗೆ ಒಂದರ ಮೇಲೊಂದು ಕೂರುತ್ತೆ. ಟಾಸ್ ಥರದ ನಾಲ್ಕು ಬೆಟ್ ಪೋಣಿಸಿದರೆ ನ್ಯಾಯವಾಗಿ 16 ಪಟ್ಟು ಸಿಗಬೇಕು. 1.91ರ ಲೆಕ್ಕದಲ್ಲಿ ಸಿಗುವುದು 13.3 ಪಟ್ಟು. ಅಂಗಡಿಯ ಪಾಲು ನಾಲ್ಕೂವರೆಯಿಂದ ಶೇ. 17ಕ್ಕೆ ಏರಿತು. ನಾಲ್ಕರಲ್ಲಿ ಒಂದು ಮಾತ್ರ ಸೋತರೆ ಬೋನಸ್ ಬೆಟ್ ಕೊಡ್ತೀವಿ ಅನ್ನೋ ಪಾರ್ಲೆ ಇನ್ಶೂರೆನ್ಸ್ ಕೂಡ ಇದೇ ಅಭ್ಯಾಸ ಬೆಳೆಸೋಕೆ ಇರುವುದು. ಒಂದೊಂದೇ ಬೆಟ್ ಕಟ್ಟುತ್ತಿದ್ದ ಗಿರಾಕಿಯನ್ನು ನಾಲ್ಕು ಪೋಣಿಸುವವನಾಗಿ ಮಾಡಿದರೆ ಅಂಗಡಿಗೆ ಸುಮಾರು ನಾಲ್ಕು ಪಟ್ಟು ಬಾಡಿಗೆ. ಒಂದು ಬೂಸ್ಟ್ ಕೊಟ್ಟು ವರ್ಷದ ಅಭ್ಯಾಸ ಕೊಂಡುಕೊಳ್ಳುತ್ತಾರೆ.

ಗೆಲ್ಲುವವನಿಗೆ ಆಫರ್ ಬರಲ್ಲ

ಎಡಿಸನ್‌ಗೆ ವಾಪಸ್ ಬರೋಣ. ಅವನ ಖಾತೆಯಲ್ಲಿ 62 ಡಾಲರ್ 50 ಸೆಂಟ್ ಇತ್ತಲ್ಲ? ಅದು ನಿಜವಾದ ದುಡ್ಡು. ಷರತ್ತಿನ ಪ್ರಕಾರ ಆ ದಿನವೇ ಬ್ಯಾಂಕಿಗೆ ಹಾಕಿಕೊಳ್ಳಬಹುದಿತ್ತು. ಅವನು ತೆಗೆಯಲಿಲ್ಲ. ಆಪ್ ತೆರೆದರೆ ಬೆಟ್ ಕಟ್ಟುವ ಬಟನ್ ಬೆರಳ ತುದಿಯಲ್ಲಿ. ವಿತ್‌ಡ್ರಾ ಬಟನ್‌ಗೆ ನಾಲ್ಕು ಪರದೆ ದಾಟಬೇಕಿತ್ತು, ನಾನೇ ಎಣಿಸಿದೆ. "ಹೇಗೂ ಅವರ ದುಡ್ಡೇ ತಾನೇ" ಅಂತ ಆಡಿದ. ಅದು ಅವರ ದುಡ್ಡಲ್ಲ, ಅವನದೇ ಆಗಿತ್ತು. ಬೋನಸ್‌ನಿಂದ ಬಂದ ದುಡ್ಡು ಮನಸ್ಸಿಗೆ ಹಗುರ ಅನ್ನಿಸುತ್ತೆ, ಅಷ್ಟೇ. ಎರಡು ವಾರದಲ್ಲಿ ಅದು ಮುಗಿಯಿತು. ಆಮೇಲೆ ತನ್ನ ಕಾರ್ಡಿನಿಂದ ಹಾಕಿದ 180 ಡಾಲರ್ ಕೂಡ ಹೋಯಿತು.

ಆಗಲೇ ಅವನಿಗೆ ಆಫರ್‌ಗಳು ಜಾಸ್ತಿ ಆದವು. ಸೋತ ಮಾರನೇ ಬೆಳಿಗ್ಗೆ ಒಂದು ಬೂಸ್ಟ್. ಮೂರು ದಿನ ಆಪ್ ತೆರೆಯದಿದ್ದರೆ 10 ಡಾಲರ್ ಬೋನಸ್ ಬೆಟ್. ಈ ವ್ಯಾಪಾರದಲ್ಲಿ ಬೋನಸ್ ಎಲ್ಲರಿಗೂ ಸಮ ಅಲ್ಲ. ಯಾರು ಯಾವಾಗ ಕಟ್ಟುತ್ತಾರೆ, ಎಷ್ಟು ಸೋಲುತ್ತಾರೆ, ಯಾವಾಗ ಬಿಡುವ ಹಾಗೆ ಕಾಣುತ್ತಾರೆ ಅನ್ನೋದು ಕಂಪನಿಗೆ ಗೊತ್ತಿರುತ್ತೆ. ಆಫರ್ ಅದನ್ನು ನೋಡಿಕೊಂಡು ಬರುತ್ತೆ. ಜಾಸ್ತಿ ಸೋಲುವವರಿಗೆ ವಿಐಪಿ ಉಪಚಾರ, ಸ್ವಂತ ಮ್ಯಾನೇಜರ್, ಮ್ಯಾಚ್ ಟಿಕೆಟ್ಟು. ಸತತವಾಗಿ ಗೆಲ್ಲುವವರಿಗೆ ಬೋನಸ್ ನಿಲ್ಲುತ್ತೆ, ಕಟ್ಟಬಹುದಾದ ಮೊತ್ತವೂ ಕೆಲವು ಡಾಲರ್‌ಗೆ ಇಳಿಯುತ್ತೆ. ಇಂಗ್ಲೆಂಡ್‌ನ ಆಟಗಾರರ ಭಾಷೆಯಲ್ಲಿ ಇದಕ್ಕೆ "ಗಬ್ ಆದ" ಅಂತಾರೆ. ಮ್ಯಾಸಚೂಸೆಟ್ಸ್‌ನ ಗೇಮಿಂಗ್ ಕಮಿಷನ್ 2024ರಲ್ಲಿ ಈ ಮಿತಿ ಹಾಕುವ ಪದ್ಧತಿ ಬಗ್ಗೆಯೇ ಕಂಪನಿಗಳನ್ನು ಕರೆಸಿ ಚರ್ಚೆ ನಡೆಸಿತು. ನಿಮಗೆ ಆಫರ್‌ಗಳು ಜಾಸ್ತಿ ಬರುತ್ತಿದ್ದರೆ ಕಂಪನಿಯ ಲೆಕ್ಕದಲ್ಲಿ ನೀವು ಯಾವ ಸಾಲಿನಲ್ಲಿದ್ದೀರಿ ಅಂತ ಅದೇ ಹೇಳುತ್ತೆ.

ಅಮೆರಿಕದಲ್ಲಿರುವವರು ಇನ್ನೊಂದನ್ನು ಗಮನಿಸಬೇಕು. ಗೆದ್ದದ್ದಕ್ಕೆ ಆದಾಯ ತೆರಿಗೆ ಇದೆ. 2026ರಿಂದ ಸೋತದ್ದರಲ್ಲಿ ಶೇ. 90ರಷ್ಟನ್ನು ಮಾತ್ರ ಗೆಲುವಿನಿಂದ ಕಳೆಯಬಹುದು. ವರ್ಷದಲ್ಲಿ 10,000 ಗೆದ್ದು 10,000 ಸೋತವನಿಗೆ ಕೈಯಲ್ಲಿ ಸೊನ್ನೆ, ಆದರೆ 1,000 ಡಾಲರ್ ಆದಾಯ ಅಂತ ಲೆಕ್ಕ. ಬೋನಸ್‌ಗಾಗಿ ದೊಡ್ಡ ಮೊತ್ತ ಉರುಳಿಸುವವರಿಗೆ ಇದು ನೇರ ಪೆಟ್ಟು.

ನಮ್ಮೂರಿಗೆ ಬರುವ ಆಫರ್

ಭಾರತದಲ್ಲಿ ಮಾತು ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಪಾಸ್ ಮಾಡಿತು. 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷ, 50 ಲಕ್ಷ. ಆಡುವವರನ್ನು ಈ ಕಾಯ್ದೆ ಶಿಕ್ಷಿಸುವುದಿಲ್ಲ, ಆದರೆ ಜೂಜಿನ ಮೇಲೆ ರಾಜ್ಯಗಳ ಕಾನೂನು ಬೇರೆಯೇ ಇದೆ.

ಆದರೂ ಆಫರ್ ನಿಂತಿಲ್ಲ. ಐಪಿಎಲ್ ಬಂದರೆ ವಾಟ್ಸ್‌ಆಪ್, ಟೆಲಿಗ್ರಾಂನಲ್ಲಿ "ಐಡಿ ಕೊಡ್ತೀವಿ, ಮೊದಲ ಡೆಪಾಸಿಟ್‌ಗೆ ಶೇ. 500 ಬೋನಸ್" ಅಂತ ಬರುತ್ತೆ. ಇಲ್ಲಿಯವರೆಗೆ ನಾನು ಹೇಳಿದ ಯಾವ ಲೆಕ್ಕವೂ ಇದಕ್ಕೆ ನಡೆಯಲ್ಲ. ಯಾಕಂದರೆ ಆ ಲೆಕ್ಕಕ್ಕೆ ಒಂದು ಆಧಾರ ಬೇಕು: ಬರೆದ ಷರತ್ತನ್ನು ಕಂಪನಿ ಪಾಲಿಸುತ್ತೆ, ಪಾಲಿಸದಿದ್ದರೆ ಕೇಳುವವರು ಇದ್ದಾರೆ ಅಂತ. ಒಹಾಯೋದಲ್ಲಿ ಆಯೋಗ ಇದೆ, ಮ್ಯಾಸಚೂಸೆಟ್ಸ್‌ನಲ್ಲಿ ಕೋರ್ಟ್ ಇದೆ. ಇಲ್ಲಿ ದುಡ್ಡು ಹೋಗುವುದು ಯಾರದೋ ಹೆಸರಿನ ಬಾಡಿಗೆ ಬ್ಯಾಂಕ್ ಖಾತೆಗೆ, ಯುಪಿಐ ಮೂಲಕ. ಸೈಟಿನ ಲೈಸೆನ್ಸ್ ಅಂತ ಏನಾದರೂ ಇದ್ದರೆ ಅದು ಕೆರಿಬಿಯನ್‌ನ ಯಾವುದೋ ದ್ವೀಪದ್ದು. ಭಾರತೀಯ ಕರಾರು ಕಾಯ್ದೆ, 1872ರ 30ನೇ ಸೆಕ್ಷನ್ ಪ್ರಕಾರ ಪಂದ್ಯದ ಕರಾರಿಗೆ ಬೆಲೆಯೇ ಇಲ್ಲ, ಗೆದ್ದದ್ದನ್ನು ಕೊಡಿಸಿ ಅಂತ ಕೋರ್ಟಿಗೆ ಹೋಗೋಕೂ ಆಗಲ್ಲ. ಕುದುರೆ ರೇಸಿನ ಬಹುಮಾನಕ್ಕೆ ಮಾತ್ರ ಆ ಸೆಕ್ಷನ್‌ನಲ್ಲೇ ಒಂದು ಸಣ್ಣ ವಿನಾಯಿತಿ ಇದೆ.

ಇಂಥವರ ಆಟ ಹೀಗಿರುತ್ತೆ. ಮೊದಲು 500 ರೂಪಾಯಿ ಗೆದ್ದಾಗ ಐದು ನಿಮಿಷದಲ್ಲಿ ಕೊಡುತ್ತಾರೆ. ನಂಬಿಕೆ ಬರುತ್ತೆ. 50,000 ಗೆದ್ದಾಗ ಬೋನಸ್ ಷರತ್ತು ಮುಗಿದಿಲ್ಲ ಅಂತಾರೆ. ಅದನ್ನು ಮುಗಿಸಿದರೆ ಮೊದಲು ತೆರಿಗೆ ಕಟ್ಟಿ ಅಂತಾರೆ. ಗೆದ್ದ ದುಡ್ಡು ತೆಗೆಯೋಕೆ ಇನ್ನಷ್ಟು ದುಡ್ಡು ಹಾಕಿ ಅಂತ ಯಾರೇ ಕೇಳಿದರೂ ಅಲ್ಲಿಗೆ ನಿಲ್ಲಿಸಿ. ಹಾಕಿದ್ದು ಹೋದರೆ ಹೋಯಿತು. ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಗೆ ಇರುವ ನಂಬರ್ ಅದು. ಬೇಗ ಹೇಳಿದಷ್ಟೂ ಆ ಖಾತೆಯಲ್ಲಿ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ. ನಾಚಿಕೆಯಿಂದ ಎರಡು ದಿನ ಸುಮ್ಮನೆ ಕೂತರೆ ಅವರಿಗೇ ಅನುಕೂಲ. ಸಾಲ ಆಗಿ, ನಿದ್ದೆ ಕೆಟ್ಟು, ಮನೆಯಲ್ಲಿ ಹೇಳೋಕೂ ಆಗದೆ ಒದ್ದಾಡುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಚಿಕ್ಕಪ್ಪನ ಮಗ ಡಿಸೆಂಬರ್ ಕೊನೆಯಲ್ಲಿ ಆಪ್ ಡಿಲೀಟ್ ಮಾಡಿದ. ಖಾತೆ ಮಾತ್ರ ಹಾಗೇ ಇತ್ತು. ಜನವರಿ ಮೂರನೇ ವಾರ ಇಮೇಲ್ ಬಂತು. "ನಿಮ್ಮನ್ನು ನೆನಪಿಸಿಕೊಳ್ಳುತ್ತಿದ್ದೇವೆ" ಅಂತ, 50 ಡಾಲರ್ ಬೋನಸ್ ಬೆಟ್, ಮೂರು ದಿನ ಮಾತ್ರ. ಆ ಸಲ ಸ್ಕ್ರೀನ್‌ಶಾಟ್ ಜೊತೆ ಪ್ರಶ್ನೆ ಇರಲಿಲ್ಲ, ಲೆಕ್ಕ ಇತ್ತು. "ಕೈಗೆ ಬರೋದು 22 ಡಾಲರ್, ಅದನ್ನ ತೆಗೆಯೋಕೆ ನಾಲ್ಕು ಪರದೆ" ಅಂತ ಬರೆದಿದ್ದ. ನ್ಯೂಜೆರ್ಸಿಯಲ್ಲಿ ರಾಜ್ಯದ ಗೇಮಿಂಗ್ ವಿಭಾಗವೇ ನಡೆಸುವ ಒಂದು ಪಟ್ಟಿ ಇದೆ. ಅದಕ್ಕೆ ಹೆಸರು ಕೊಟ್ಟರೆ ರಾಜ್ಯದ ಎಲ್ಲ ಲೈಸೆನ್ಸ್ ಸೈಟುಗಳೂ ಬಾಗಿಲು ಹಾಕಬೇಕು, ಆಫರ್ ಕಳಿಸುವುದನ್ನೂ ನಿಲ್ಲಿಸಬೇಕು. ಇಂಗ್ಲೆಂಡ್‌ನಲ್ಲಿ ಗ್ಯಾಮ್‌ಸ್ಟಾಪ್, ಆಸ್ಟ್ರೇಲಿಯಾದಲ್ಲಿ 2023ರಿಂದ ಬೆಟ್‌ಸ್ಟಾಪ್ ಇದೇ ಕೆಲಸ ಮಾಡುತ್ತವೆ. ಅವನು ಆ ರಾತ್ರಿಯೇ ಒಂದು ವರ್ಷಕ್ಕೆ ಹೆಸರು ಬರೆಸಿದ. ಮುಂದಿನ ಭಾನುವಾರ ಮ್ಯಾಚ್ ನೋಡುತ್ತಾ ಫೋನ್ ಮಾಡಿದ್ದ. ಯಾವ ತಂಡ ಆಡುತ್ತಿದೆ, ಯಾರು ಚೆನ್ನಾಗಿ ಆಡುತ್ತಿದ್ದಾರೆ ಅಂತ ಅರ್ಧ ಗಂಟೆ ಹೇಳಿದ.